ಅಂಗಿಯ ಗುಂಡಿ ಹಾಕಿದವನು ನಾನು

ಮನುಷ್ಯನ ಕೈಯನ್ನು ಶೇಕಡಾ ಲೆಕ್ಕದಲ್ಲಿ ಅಳೆಯುವುದನ್ನು ನಾನು ಮೊದಲು ಕಂಡದ್ದು ಇಂಗ್ಲೆಂಡಿನ ಒಂದು ಕಚೇರಿಯಲ್ಲಿ. ಮೇಜಿನ ಆಚೆ ಇಬ್ಬರು ಡಾಕ್ಟರು. ಮೇಜಿನ ಮೇಲೆ ಒಂದು ನಾಣ್ಯ, ಒಂದು ಕೀಲಿಕೈ, ಒಂದು ಪೆನ್ಸಿಲ್ಲು. ಒಂದೊಂದನ್ನೇ ಬಲಗೈಯಿಂದ ಎತ್ತು ಎಂದರು. ಎತ್ತಬೇಕಾಗಿದ್ದವನು ನನ್ನ ಗೆಳೆಯ ದಾದಾಪೀರ್, ದಾವಣಗೆರೆ ಪಕ್ಕದ ಬಾತಿಯವನು. ಅವನ ಮಗ್ಗುಲಲ್ಲಿ ದುಭಾಷಿಯಾಗಿ ಕೂತಿದ್ದವನು ನಾನು, ಕೊಕ್ಕನೂರಿನ ಹನುಮಂತಪ್ಪ. ಅಂದು ಅಲ್ಲಿ ನಾನಾಡಿದ ಒಂದು ಮಾತನ್ನು ಒಪ್ಪಿಕೊಳ್ಳಲು ಈ ಬರಹ.

ನಾವಿಬ್ಬರೂ ಹರಿಹರದಲ್ಲಿ ಎರಕದ ಕೆಲಸ ಕಲಿತವರು. ಎಪ್ಪತ್ತರ ದಶಕದ ಮೊದಲಲ್ಲಿ ಆ ಕೆಲಸದ ಬಲದ ಮೇಲೆಯೇ ಇಂಗ್ಲೆಂಡಿನ ನಡುಭಾಗದ ಒಂದು ಎರಕದ ಕಾರ್ಖಾನೆ ಸೇರಿದೆವು. ಒಂದೇ ಗೋಡೆ ಹಂಚಿಕೊಂಡು ಸಾಲಾಗಿ ನಿಂತ ಮನೆಗಳಲ್ಲಿ ಒಂದರ ಅಟ್ಟದ ಕೋಣೆ ಬಾಡಿಗೆಗೆ ಸಿಕ್ಕಿತು. ಅಲ್ಲಿನವರು ಮಧ್ಯಾಹ್ನದ ಊಟಕ್ಕೆ ‘ಡಿನ್ನರ್’ ಅನ್ನುತ್ತಾರೆ, ಸಂಜೆಯ ಊಟಕ್ಕೆ ‘ಟೀ’. ಮನೆಯೊಡತಿ ಮೊದಲ ದಿನ ಟೀಗೆ ಬನ್ನಿ ಎಂದಾಗ ನಾವು ಹೊಟ್ಟೆ ತುಂಬ ತಿಂದುಕೊಂಡು ಹೋಗಿದ್ದೆವು. ತಟ್ಟೆ ತುಂಬ ಬೇಯಿಸಿದ ಆಲೂಗಡ್ಡೆ ಇಟ್ಟರು. ದಾದಾಪೀರ್ ಮೆಲ್ಲಗೆ, “ಅಣ್ಣ, ಇವರ ಚಾದಾಗ ಬಾಳ ಗಸಿ ಐತಲ್ಲೋ” ಎಂದ. ಆ ಮನೆಯಲ್ಲಿ ನಾವು ಜೋರಾಗಿ ನಕ್ಕದ್ದು ಅದೇ ಮೊದಲು. ಮಂಡಕ್ಕಿ ಇಲ್ಲ, ಮಿರ್ಚಿ ಇಲ್ಲ, ಮಾತಾಡಲು ಕಟ್ಟೆ ಇಲ್ಲ. ಅವನಿಗೆ ನಾನು, ನನಗೆ ಅವನು.

ಮೂರನೆಯ ಚಳಿಗಾಲದಲ್ಲಿ ಅಚ್ಚಿನ ಮರಳು ತುಂಬಿದ ಕಬ್ಬಿಣದ ಎರಕದ ಪೆಟ್ಟಿಗೆ ಜಾರಿ ಅವನ ಬಲಗೈ ಮೇಲೆ ಬಿತ್ತು. ಬೆರಳುಗಳು ಉಳಿದವು, ಆದರೆ ಮಡಚುವುದನ್ನು ಮರೆತವು. ನಮ್ಮ ಕಡೆ ಹೀಗಾದರೆ ‘ಪಾಪ, ಕೈ ಹೋಯ್ತು’ ಎಂದು ಸುಮ್ಮನಾಗುತ್ತೇವೆ. ಅಲ್ಲಿ ಹಾಗಲ್ಲ. ಎಷ್ಟು ಹೋಯಿತು, ಎಷ್ಟು ಉಳಿಯಿತು, ಉಳಿದದ್ದರಲ್ಲಿ ಯಾವ ಕೆಲಸ ಮಾಡಬಲ್ಲ ಎಂದು ಡಾಕ್ಟರು ಬರೆಯುತ್ತಾರೆ. ಅವರು ಬರೆದಂತೆ ಸರ್ಕಾರದ ಭತ್ಯೆ. ಈ ಪರೀಕ್ಷೆಗೆ ಅಲ್ಲಿ ‘ಬೋರ್ಡ್’ ಅನ್ನುತ್ತಿದ್ದರು.

ಬೋರ್ಡಿನ ದಿನ ಬೆಳಿಗ್ಗೆ ಅವನ ಅಂಗಿ ಇಸ್ತ್ರಿ ಮಾಡಿದವನು ನಾನು. ಕುತ್ತಿಗೆಯಿಂದ ಹೊಟ್ಟೆಯವರೆಗೆ ಗುಂಡಿ ಹಾಕಿದವನೂ ನಾನೇ, ಬೂಟಿನ ದಾರ ಕಟ್ಟಿದವನೂ ನಾನೇ. ದೊಡ್ಡವರ ಮುಂದೆ ಹೋಗುವಾಗ ನೀಟಾಗಿ ಹೋಗಬೇಕು ಎಂಬುದು ನಮ್ಮಿಬ್ಬರಿಗೂ ಮನೆಯಲ್ಲಿ ಕಲಿಸಿದ ಪಾಠ. ಡಾಕ್ಟರು ಆ ಅಂಗಿಯನ್ನೇ ನೋಡುತ್ತಾ ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು: “ಗುಂಡಿಗಳನ್ನು ತಾನೇ ಹಾಕಿಕೊಳ್ಳುತ್ತಾನೆಯೇ?”

ನಾನು ದಾದಾಪೀರನ ಕಡೆ ತಿರುಗಲೇ ಇಲ್ಲ. “ಯೆಸ್ ಸರ್” ಅಂದೆ.

ಬೆಳೆದ ಗಂಡಸಿಗೆ ಇನ್ನೊಬ್ಬ ಅಂಗಿ ತೊಡಿಸುತ್ತಾನೆ ಎನ್ನಲು ನಾಚಿಕೆಯಾಯಿತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಇದು. ಕಾರ್ಖಾನೆಯ ಫೋರ್‌ಮನ್ ಹಿಂದಿನ ವಾರ, ನಿಮ್ಮ ಜನ ಸಣ್ಣ ಗಾಯಕ್ಕೂ ಮಲಗುತ್ತಾರೆ ಎಂದಿದ್ದ. ನಾನು ಹಾಗಲ್ಲ, ನನ್ನ ಜೊತೆಯವನೂ ಹಾಗಲ್ಲ ಎಂದು ಅವನಿಗೆ ತೋರಿಸಿಕೊಳ್ಳಬೇಕಿತ್ತು, ಯಾಕೆಂದರೆ ನನ್ನ ಬಡ್ತಿ ಅವನ ಕೈಯಲ್ಲಿತ್ತು. ಬಡ್ತಿ ಬಂತು ಕೂಡ. ದಾದಾಪೀರನಿಗೆ, ಕೈ ಹೆಚ್ಚುಕಡಿಮೆ ಸರಿಯಿದೆ, ಹಳೆಯ ಕೆಲಸಕ್ಕೆ ಹೋಗಬಹುದು ಎಂಬ ಕಾಗದ ಬಂತು. ಎರಡು ತಿಂಗಳು ಪೆಟ್ಟಿಗೆ ಎತ್ತಲು ಹೆಣಗಿ, ಆಗದೆ, ಊರಿಗೆ ಹೊರಟುಬಿಟ್ಟ. ಸ್ಟೇಷನ್ನಿನಲ್ಲಿ ಎಡಗೈ ಎತ್ತಿ ಬೀಸಿದ.

ಎಂಬತ್ತರ ದಶಕದ ಒಂದು ರಜೆಯಲ್ಲಿ ಊರಿಗೆ ಬಂದಾಗ, ಹರಿಹರದಿಂದ ಬಸ್ಸು ಹತ್ತಿ ದಾವಣಗೆರೆಯಲ್ಲಿ ಇಳಿದು ಅವನನ್ನು ಹುಡುಕಿದೆ. ಮಂಡಕ್ಕಿ ಭಟ್ಟಿಯೊಂದರ ಹೊಗೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಒಲೆಯ ಶಾಖ, ಅಕ್ಕಿಯ ಹದ ನೋಡಿ ಹುರಿಯುವವರಿಗೆ ಹೇಳುವುದು ಅವನ ಕೆಲಸ. ಕೂಲಿ ಅರ್ಧ.

“ಬರ್ರಿ ಸಾಹೇಬ್ರ, ಕೂಡ್ರಿ. ಡಿನ್ನರ್ ಆಯ್ತೇನ್ರಿ, ಟೀ ಆಯ್ತೇನ್ರಿ?” ಎಂದು ಕಿಚಾಯಿಸಿದ.

ನಾನು ನಗಲಾರದೆ, ಅಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. ಅವನು ಮಂಡಕ್ಕಿ ಕಡೆಗೇ ನೋಡುತ್ತಿದ್ದ.

“ನೀ ಏನಂದಿ ಅಂತ ಅವತ್ತೇ ತಿಳೀತಪ್ಪ. ಬಟನ್, ಯೆಸ್, ಅಷ್ಟು ಇಂಗ್ಲಿಷ್ ನನಗೂ ಬರ್ತಿತ್ತು.”

“ಮತ್ತ ಯಾಕ ಸುಮ್ನಿದ್ದಿ?”

“ನನಗೂ ನಾಚ್ಕಿ ಬಂತಲ್ಲೋ, ಹನುಮಣ್ಣ. ನಿನಗಿಂತ ಜಾಸ್ತಿ.” ಎಡಗೈಯಲ್ಲಿ ಒಂದು ಹಿಡಿ ಮಂಡಕ್ಕಿ ತೆಗೆದು ಹದ ನೋಡಿ, “ಆದ್ರ ನೀ ಒಂದ್ಸಲ ನನ್ನ ಮುಖ ನೋಡಿದ್ರ ಹೇಳ್ತಿದ್ನೇನೋ” ಎಂದ. ಆ ಮಾತು ಇವತ್ತಿಗೂ ನನ್ನಲ್ಲಿ ಉಳಿದಿದೆ.

ಗಾಯ ಹೆಚ್ಚು ಕೆಟ್ಟರೆ, ಗಾಯಗೊಂಡವನು ಬೇರೆ ದೇಶದಲ್ಲಿದ್ದರೂ ಮತ್ತೆ ಪರೀಕ್ಷೆ ಕೇಳಬಹುದು ಎಂದು ಇಂಗ್ಲೆಂಡಿನ ಯೂನಿಯನ್ನಿನವರು ನನಗೆ ಹೇಳಿದ್ದರು. ವಾಪಸು ಹೋದವನೇ ಅರ್ಜಿ ಬರೆದೆ. ಅದರ ಜೊತೆ, ಹಿಂದಿನ ಸಲ ದುಭಾಷಿಯಾದ ನಾನು ಸುಳ್ಳು ಹೇಳಿದ್ದೆ ಎಂದು ಸಹಿ ಮಾಡಿದ ಹೇಳಿಕೆ. ಕಾರ್ಖಾನೆಗೆ ತಿಳಿದರೆ ನನ್ನ ಹೆಸರು ಕೆಡುತ್ತಿತ್ತು. ಕೆಡಲಿ ಅನ್ನಿಸಿತು. ತಿಂಗಳುಗಟ್ಟಲೆ ಕಾದ ಮೇಲೆ, ದಾವಣಗೆರೆಯ ಡಾಕ್ಟರೊಬ್ಬರು ಪರೀಕ್ಷಿಸಿ ಬೋರ್ಡಿನ ಫಾರ್ಮು ತುಂಬಿ ಕಳಿಸಲಿ ಎಂದು ಉತ್ತರ ಬಂತು. ನಾನು ಮತ್ತೆ ರಜೆ ಹಾಕಿ ಬಂದೆ.

ಆ ದಿನ ಅವನ ಹೆಂಡತಿ ಶಮೀಮ್ ಗುಂಡಿ ಹಾಕಲು ಕೈ ಚಾಚಿದಳು. “ಬ್ಯಾಡ ತಂಗಿ, ಹಂಗೇ ಬರ್ಲಿ” ಅಂದೆ.

“ಡಾಕ್ಟರ ಮುಂದ ಎದಿ ಬಿಟ್ಕಂಡು ಹೋಗೋದು ಚೆಂದಾನ ಅಣ್ಣ?”

“ಚೆಂದ ಮಾಡಿ ಒಮ್ಮೆ ಕೆಡಿಸೀನಿ.”

ಡಾಕ್ಟರು ವಯಸ್ಸಾದವರು. ಗುಂಡಿ ಹಾಕಿಕೋ ಎಂದರು. ಒಂದು ಗುಂಡಿಗಾಗಿ ಅವನ ಬೆರಳುಗಳು ಒದ್ದಾಡಿದವು, ಹಣೆ ಬೆವರಿತು. ನನ್ನ ಕೈ ತಾನಾಗಿ ಎದ್ದಿತು, ಹಿಡಿದು ತೊಡೆಯ ಕೆಳಗೆ ಇಟ್ಟುಕೊಂಡೆ. ಗುಂಡಿ ಕೂರಲಿಲ್ಲ. ಡಾಕ್ಟರಿಗೆ ಮರುಕ ಬಂತು. “ಯಾವ ಕೆಲಸಾನೂ ಆಗಲ್ಲ ಅಂತ ಬರೀಲೇನಪ್ಪ? ನಿನಗೇ ಅನುಕೂಲ” ಅಂದರು.

ದಾದಾಪೀರ್ ತಲೆಯಾಡಿಸಿದ. “ಅದೂ ಸುಳ್ಳಾಗ್ತೈತ್ರಿ. ಕೈ ಎತ್ತಂಗಿಲ್ಲ, ಹಿಡಿಯಂಗಿಲ್ಲ, ಅದನ್ನ ಬರೀರಿ. ಭಟ್ಟಿಯೊಳಗ ಹದ ನೋಡ್ತೀನಿ, ಅದನ್ನೂ ಬರೀರಿ.”

ಡಾಕ್ಟರು ಎರಡನ್ನೂ ಬರೆದರು. ಫಾರ್ಮು ಹೋಯಿತು. ಮುಂದಿನ ಬೇಸಿಗೆಯಲ್ಲಿ ಭತ್ಯೆ ಮಂಜೂರಾಯಿತು, ಅವನು ಬದುಕಿರುವವರೆಗೆ. ಅವನು ಸಂತೆಗೆ ಹೋಗಿ ಬಟ್ಟೆ ತಂದು, ದರ್ಜಿಗೆ ಹೇಳಿ ಗುಂಡಿಯ ಜಾಗದಲ್ಲಿ ಟಿಚ್ ಬಟನ್ ಇಟ್ಟ ಅಂಗಿಗಳನ್ನು ಹೊಲಿಸಿಕೊಂಡ. ಒತ್ತಿದರೆ ಕೂರುವಂಥವು. ಎಡಗೈಯಲ್ಲೇ ಹಾಕಿಕೊಳ್ಳಬಹುದು.

ನಾನು ಇಲ್ಲೇ, ಇಂಗ್ಲೆಂಡಿನಲ್ಲೇ ಉಳಿದೆ. ಮಕ್ಕಳು ಇಲ್ಲಿಯವರಾದರು. ಬೀದಿಯವರಿಗೆ ನಾನು ಇಂಡಿಯಾದ ಮುದುಕ, ಬಾತಿಯ ಆ ಮನೆಯಲ್ಲಿ ಇಂಗ್ಲೆಂಡ್ ಅಣ್ಣ. ನನ್ನ ಬೆರಳುಗಳೂ ಈಗ ಸಂಧಿವಾತದಿಂದ ಬಿಗಿದಿವೆ. ಇದನ್ನು ಫೋನಿನಲ್ಲಿ ಕೇಳಿದ ದಾದಾಪೀರ್ ಅದೇ ದರ್ಜಿಯಿಂದ ಟಿಚ್ ಬಟನ್ನಿನ ಎರಡು ಅಂಗಿ ಹೊಲಿಸಿ ಕಳಿಸಿದ್ದಾನೆ.

ಕಳೆದ ವಾರ ನನಗೂ ಇಲ್ಲಿನ ಸರ್ಕಾರದಿಂದ ಒಂದು ಫಾರ್ಮು ಬಂತು. ನಿಮಗೆ ಬಟ್ಟೆ ಯಾರು ತೊಡಿಸುತ್ತಾರೆ ಎಂಬ ಪ್ರಶ್ನೆ ಅದರಲ್ಲಿದೆ. ಬಹಳ ಹೊತ್ತು ಯೋಚಿಸಿ ನಿಜವನ್ನೇ ಬರೆದೆ: ನಾನೇ ಹಾಕಿಕೊಳ್ಳುತ್ತೇನೆ, ಅಂಗಿ ದಾವಣಗೆರೆಯಲ್ಲಿ ಹೊಲಿಸಿದ್ದಾದರೆ.