ಕಾಕುಗೆ ಕಟ್ಟಿಕೊಟ್ಟ ಬತ್ತಿಗಳು

ಆಗ ಖಾನಾಪುರದಲ್ಲಿ ಸಂಜೆಯಾದರೆ ಕರೆಂಟು ಹೋಗುವುದೇ ರೂಢಿ. ಹೋಗದಿದ್ದರೆ ಅದೇ ಸುದ್ದಿ. ಎಂಬತ್ತರ ದಶಕದ ನಡುವಿನ ವರ್ಷಗಳು. ಲೈಟು ಆರಿದ ಕೂಡಲೇ ಓಣಿಯ ಮಕ್ಕಳೆಲ್ಲ "ಹೋ" ಎಂದು ಕೂಗಿ ಕಣ್ಣಾಮುಚ್ಚಾಲೆಗೆ ಓಡುತ್ತಿದ್ದೆವು. ಮನೆಮನೆಯಲ್ಲೂ ಕಂದೀಲು, ಚಿಮಣಿ ಹೊತ್ತಿ ಸೀಮೆಎಣ್ಣೆಯ ನಾತ ಹರಡುತ್ತಿತ್ತು. ಮೇಣಬತ್ತಿ ಹಚ್ಚುತ್ತಿದ್ದ ನಮ್ಮ ಮನೆಯಿಂದ ಮಾತ್ರ ದವನದ ಘಮ ಬರುತ್ತಿತ್ತು. ಕತ್ತಲಲ್ಲಿ ದಾರಿ ತಪ್ಪಿದ ಹುಡುಗರು ಮೂಗು ಎತ್ತಿ "ಶೈಲಾನ ಮನಿ ಬಂತ್ ನೋಡ" ಎನ್ನುತ್ತಿದ್ದರು. ಹನ್ನೆರಡು ವರ್ಷದ ನನಗೆ ಅದಕ್ಕಿಂತ ದೊಡ್ಡ ಹೆಮ್ಮೆ ಬೇರೆ ಇರಲಿಲ್ಲ.

ಆ ಮೇಣಬತ್ತಿಗಳನ್ನು ಮಾಡುತ್ತಿದ್ದವಳು ನಮ್ಮವ್ವ, ನೀಲವ್ವ. ಮಹಿಳಾ ಮಂಡಳದಲ್ಲಿ ಯಾರೋ ಬಂದು ಒಂದು ವಾರ ಕಲಿಸಿ ಹೋಗಿದ್ದರು. ಜೊತೆಗೆ ಕಲಿತ ಹೆಂಗಸರು ತಿಂಗಳೊಪ್ಪತ್ತಿನಲ್ಲಿ ಬಿಟ್ಟರು, ಅವ್ವ ಬಿಡಲಿಲ್ಲ. ಬೆಳಗಾವಿಯ ಖಡೇ ಬಜಾರಿನ ಅಂಗಡಿಯಲ್ಲಿ ಅವಳು ಮೇಣ ಆರಿಸುವುದನ್ನು ನೋಡಬೇಕಿತ್ತು. ಪೇರಿಸಿಟ್ಟ ಬಿಳಿ ಗಟ್ಟಿಗಳಲ್ಲಿ ಮೇಲಿನದನ್ನು ಎಂದೂ ತೆಗೆದುಕೊಂಡವಳಲ್ಲ. ಉಗುರು ಊರಿ ನೋಡುವಳು. ಜಿಡ್ಡು ಹತ್ತಿದರೆ ಬೇಡ. ಬೆರಳಿನ ಗೆಣ್ಣಿನಿಂದ ಬಡಿಯುವಳು. ಸದ್ದು ಗಟ್ಟಿಯಾಗಿದ್ದರೆ ತಲೆಯಾಡಿಸುವಳು. ಅದಕ್ಕೆ ಬೆರೆಸಲು ನಮ್ಮೂರ ಸಂತೆಗೆ ಬರುತ್ತಿದ್ದ ಕಾಡಿನ ಜೇನುಮೇಣ, ನಾಲ್ಕಕ್ಕೆ ಒಂದು ಪಾಲು. "ವಾಸನಿ ಎಣ್ಣಿ ಹಾಕಿದರ ಮೇಣ ಮೆತ್ತಗ ಆಗತೈತಿ. ಜೇನಮೇಣ ಅದನ್ನ ಹಿಡದ ನಿಲ್ಲಸತೈತಿ," ಎನ್ನುತ್ತಿದ್ದಳು. ಕರಗಿದ ಮೇಣವನ್ನು ಒಲೆಯಿಂದ ಇಳಿಸಿ, ಹೊಗೆ ಅಡಗಿದ ಮೇಲೆಯೇ ದವನದ ಎಣ್ಣೆ. ಬಿಸಿಯಲ್ಲೇ ಹಾಕಿದರೆ ಘಮವೆಲ್ಲ ಹೆಂಚಿನ ಪಾಲು. ಸೀಳಿದ ಬಿದಿರಿನ ತುಂಡಿಗೆ ಒಳಗೆ ಕೊಬ್ಬರಿ ಎಣ್ಣೆ ಸವರಿ, ಹುರಿಯಿಂದ ಬಿಗಿದರೆ ಅದೇ ಅಚ್ಚು.

ಬತ್ತಿಯ ಕೆಲಸ ನನ್ನದು. ವಡಗಾವಿಯ ನೇಕಾರರ ಮನೆಯಿಂದ ತಂದ ನೂಲನ್ನು ಮೂರು ಎಳೆ ಮಾಡಿ ಹೆಣೆಯಬೇಕು, ಉಪ್ಪು ಮತ್ತು ಬಿಳಿಗಾರ ಕದಡಿದ ನೀರಿನಲ್ಲಿ ಒಂದಿಡೀ ದಿನ ನೆನೆಹಾಕಬೇಕು, ಒಣಗಿದ ಮೇಲೆ ಮೇಣದಲ್ಲಿ ಅದ್ದಿ ನೆಟ್ಟಗೆ ಎಳೆಯಬೇಕು. ಬತ್ತಿ ತೆಳುವಾದರೆ ತನ್ನ ಮೇಣದಲ್ಲೇ ಮುಳುಗಿ ಸಾಯುತ್ತದೆ. ದಪ್ಪವಾದರೆ ತಲೆಗೆ ಕರಿಮೊಗ್ಗು ಕಟ್ಟಿ, ಮಸಿ ಕಾರಿ, ಘಮವನ್ನು ಸುಟ್ಟುಹಾಕುತ್ತದೆ. ಅವ್ವ ಪ್ರತಿ ಸಲ ಒಂದನ್ನು ಹಚ್ಚಿಟ್ಟು ಒಂದು ತಾಸು ಅದರ ಮುಂದೆ ಕುಳಿತು ನೋಡುತ್ತಿದ್ದಳು. ಒಪ್ಪಿಗೆಯಾದ ಬತ್ತಿಗಳು ಬಿಸ್ಕೀಟಿನ ಡಬ್ಬಿಯಲ್ಲಿ ಕೆಂಪು ದಾರ ಕಟ್ಟಿಸಿಕೊಂಡು ಕೂರುತ್ತಿದ್ದವು. ಇನ್ನೊಂದು ಕಟ್ಟು ಕೊಟ್ಟಿಗೆಯದು, ದಪ್ಪನೆಯ, ನೆನೆಹಾಕದ ಬತ್ತಿ. ಎಮ್ಮೆಯ ಹತ್ತಿರ ಹೊಗೆಯಾದರೆ ಸೊಳ್ಳೆ ಹೋಗುತ್ತದೆಂದು ಅದನ್ನು ಬೇರೆಯೇ ಮಾಡುತ್ತಿದ್ದೆವು.

ಇನ್ನು ಕಾಕು. ಅಪ್ಪನ ತಮ್ಮನ ಹೆಂಡತಿ ಸುಮಿತ್ರಾ. ಕಾಕಾನಿಗೆ ಬೆಳಗಾವಿಯ ಆಟೋ ನಗರದಲ್ಲಿ ಲಾರಿ ರಿಪೇರಿಯ ವರ್ಕ್‌ಶಾಪು. ಅದು ಕುದುರಿದ ಮೇಲೆ ಕಾಕು ಪೇಟೆಯ ದೊಡ್ಡ ಮನೆಯ ಹೆಂಗಸರ ಸಂಘವೊಂದಕ್ಕೆ ಸೇರಿದ್ದಳು. ಆ ವರ್ಷ ದೀಪಾವಳಿಗೆ ಮುಂಚೆ ಸಂಘದಲ್ಲಿ ಕೈಕೆಲಸದ ಪ್ರದರ್ಶನ. "ಅಕ್ಕಾರ, ನಿಮ್ಮ ಮೇಣಬತ್ತಿ ಅಲ್ಲೆ ಇಡೂಣು, ನಾಕ ಮಂದಿ ನೋಡ್ತಾರ" ಎಂದು ಹೇಳಿ ಕಳಿಸಿದಳು. ಅವ್ವ ಇಪ್ಪತ್ನಾಲ್ಕು ಮೇಣಬತ್ತಿಗಳನ್ನು ಹಳೆಯ ಧೋತರದಲ್ಲಿ ಸುತ್ತಿ, ಇಳಕಲ್ ಸೀರೆ ಉಟ್ಟು, ನನ್ನನ್ನೂ ಕರೆದುಕೊಂಡು ರೈಲು ಹತ್ತಿದಳು.

ಹಾಲ್‌ನಲ್ಲಿ ನಮ್ಮ ಮೇಜಿನ ಮುಂದೆಯೇ ಹೆಂಗಸರ ಗುಂಪು. "ಅಬ್ಬಾ, ಏನ್ ವಾಸನಿ ರೀ! ಯಾರ್ ಮಾಡಿದ್ದು?" ಎಂದು ಸಂಘದ ಅಧ್ಯಕ್ಷೆ ಕೇಳಿದರು.

"ನಾನ ಮಾಡೇನ್ರಿ," ಎಂದಳು ಕಾಕು, ಕಣ್ಣು ಕೂಡ ಮಿಟುಕಿಸದೆ.

"ಮತ್ತ ಇವರ್ಯಾರು?"

"ಈಕಿ ಖಾನಾಪುರದಾಕಿ ರೀ. ಸಾಮಾನ ಹೊತ್ತ ತಂದಾಳ."

ಅವ್ವ ತಲೆ ಎತ್ತಲಿಲ್ಲ. ಮೇಜಿನ ಮೇಲೆ ಓರೆಯಾಗಿದ್ದ ಒಂದು ಮೇಣಬತ್ತಿಯನ್ನು ನೆಟ್ಟಗೆ ಮಾಡಿದಳು. ಹೊರಡುವಾಗ ಕಾಕು ನನ್ನ ಕೈಗೆ ಕುಂದಾದ ಪೊಟ್ಟಣ ಇಟ್ಟು ಕೆನ್ನೆ ಹಿಂಡಿದಳು. ದೇಸೂರು ದಾಟುವಷ್ಟರಲ್ಲಿ ಅದನ್ನು ರೈಲಿನ ಕಿಟಕಿಯಿಂದ ಆಚೆ ಎಸೆದೆ. ಕುಂದಾ ಎಸೆದ ಮಗು ಬೆಳಗಾವಿ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

"ಅವ್ವಾ, ನೀ ಯಾಕ ಸುಮ್ಮನಿದ್ದಿ?"

"ನಿಮ್ಮಪ್ಪಗ ಹೇಳಬ್ಯಾಡ ಶೈಲೂ. ಅಣ್ಣ ತಮ್ಮ ಚಲೋ ಅದಾರ. ಒಂದ ಮಾತಿಗೆ ಮನಿ ಒಡೀಬಾರದು."

ಅಪ್ಪನಿಗೆ ಹೇಳಲಿಲ್ಲ. ಆದರೆ ಆ ರಾತ್ರಿಯಿಂದ ನಾನು ಲೆಕ್ಕ ಹಾಕತೊಡಗಿದೆ. ಕಾಕುವಿನ ರೇಷ್ಮೆ ಸೀರೆಗೆ ಶಾಯಿ ಚೆಲ್ಲುವುದು, ಅವಳ ಚಪ್ಪಲಿಯನ್ನು ಮಲಪ್ರಭಾ ಹೊಳೆಗೆ ಬಿಡುವುದು. ಎಲ್ಲವೂ ಸಣ್ಣದೆನಿಸುತ್ತಿತ್ತು. ಅವಳು ಅವ್ವನನ್ನು ನಾಲ್ಕು ಮಂದಿಯ ಮುಂದೆ ತುಳಿದಿದ್ದಳು. ಅವಳಿಗೂ ಅದೇ ನಾಲ್ಕು ಮಂದಿಯ ಮುಂದೆಯೇ ಆಗಬೇಕಿತ್ತು.

ಅವಕಾಶವನ್ನು ಕಾಕುವೇ ತಂದುಕೊಟ್ಟಳು. ಮುಂದಿನ ತಿಂಗಳು ಒಂದು ಮಧ್ಯಾಹ್ನ ಡೈರಿ, ಪೆನ್ನು ಹಿಡಿದು ನಮ್ಮ ಮನೆಗೆ ಬಂದಳು. ಸಂಘದವರು ಮಾಡಿ ತೋರಿಸಲೇಬೇಕೆಂದು ಪಟ್ಟು ಹಿಡಿದಿದ್ದರಂತೆ. ಅವ್ವ ಅವಳಿಗೆ ಚುರಮುರಿ, ಚಹಾ ಕೊಟ್ಟು, ಮೇಣ ಬಡಿದು ನೋಡುವುದರಿಂದ ಹಿಡಿದು ದವನದ ಎಣ್ಣೆಯ ಅಳತೆಯವರೆಗೆ ಒಂದನ್ನೂ ಮುಚ್ಚಿಡದೆ ಹೇಳಿಕೊಟ್ಟಳು. ನಾನು ಹೊಸ್ತಿಲ ಮೇಲೆ ಕುಳಿತು ಹಲ್ಲು ಕಡಿಯುತ್ತಿದ್ದೆ.

"ಬತ್ತಿ ಹೆಣಿಯೂದು ನನ್ನ ಕೈಲೆ ಆಗೂದಿಲ್ಲರಿ ಅಕ್ಕಾರ, ನೀವ ಕೊಡ್ರಿ," ಎಂದಳು ಕಾಕು.

"ಶೈಲೂ, ಕೆಂಪ ದಾರದ ಕಟ್ಟಿನಾಗಿಂದ ಹನ್ನೆರಡ ಬತ್ತಿ ತಗದ ಕೊಡವಾ."

ಒಳಗೆ ಹೋದೆ. ಕೆಂಪು ದಾರ ಬಿಚ್ಚಿದೆ. ಕೊಟ್ಟಿಗೆಯ ಬತ್ತಿ ಹನ್ನೆರಡು ಎಣಿಸಿ, ಆ ಕೆಂಪು ದಾರವನ್ನು ಅವಕ್ಕೆ ಸುತ್ತಿ, ಕಾಗದದಲ್ಲಿ ಮಡಚಿ ಕಾಕುವಿನ ಕೈಗೆ ಕೊಟ್ಟೆ. ಅವಳು ಬಿಚ್ಚಿ ಕೂಡ ನೋಡಲಿಲ್ಲ. ನೋಡಿದ್ದರೂ ಅವಳಿಗೆ ಬತ್ತಿ ಅಂದರೆ ಬತ್ತಿ, ಅಷ್ಟೇ. "ಜಾಣಿ ಹುಡುಗಿ" ಎಂದು ತಲೆ ಸವರಿದಳು.

ಮಾಡಿ ತೋರಿಸುವ ದಿನ ಅವ್ವನೂ ನಾನೂ ಹಾಲ್‌ನ ಹಿಂದಿನ ಸಾಲಿನಲ್ಲಿ ಕುಳಿತಿದ್ದೆವು. ಏನಾದರೂ ಬೇಕಾದರೆ ಇರಲಿ ಎಂದು ಕಾಕು ಕರೆಸಿಕೊಂಡಿದ್ದಳು. ಮೋತಿ ಬಣ್ಣದ ಸೀರೆ ಉಟ್ಟು, ಡೈರಿ ನೋಡಿಕೊಂಡು ಅಚ್ಚಿಗೆ ಮೇಣ ಸುರಿದು ತೋರಿಸಿದಳು. ಅದು ಆರಲು ಹೊತ್ತು ಬೇಕಲ್ಲ, ಹಿಂದಿನ ದಿನವೇ ಮನೆಯಲ್ಲಿ ಮಾಡಿಟ್ಟಿದ್ದ ಮೇಣಬತ್ತಿಗಳನ್ನು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಹಚ್ಚಿದಳು.

ಮೊದಲು ದವನ ಘಮ್ಮೆಂದಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಆಮೇಲೆ ಉರಿ ಉದ್ದವಾಯಿತು, ತೊನೆಯತೊಡಗಿತು. ಪ್ರತಿ ಉರಿಯ ತುದಿಯಿಂದ ಕಪ್ಪು ಎಳೆಯೊಂದು ಎದ್ದು ಮಾಳಿಗೆ ಮುಟ್ಟಿತು. ಮಸಿಯ ಚೂರುಗಳು ಬಿಳಿ ಬಟ್ಟೆಯ ಮೇಲೆ, ಅಧ್ಯಕ್ಷೆಯ ಹೆಗಲ ಮೇಲೆ, ಕಾಕುವಿನ ಮೂಗಿನ ಮೇಲೆ ಉದುರಿದವು. ಸೆರಗು ಮೂಗಿಗೆ ಹೋಯಿತು, ಕೆಮ್ಮು ಎದ್ದಿತು. "ಏನ್ ಸುಮಿತ್ರಾ ವೈನಿ, ಊದಿನಕಡ್ಡಿ ಮಾಡಿ ತಂದೀರೋ, ಕೊಳ್ಳಿನೋ?" ಎಂದು ಯಾರೋ ನಕ್ಕರು. ನನಗೆ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ಸುಖ ನನಗೆ ಆಮೇಲೆ ಕಡಿಮೆ ಸಲ ಸಿಕ್ಕಿದೆ.

ಅದು ಅರ್ಧ ನಿಮಿಷ ಇದ್ದಿರಬಹುದು. ಕಾಕು ಮೂಗು ಒರೆಸಿಕೊಂಡು ನಮ್ಮ ಕಡೆ ಕೈ ತೋರಿಸಿದಳು.

"ಬತ್ತಿ ನಂದಲ್ಲರಿ. ನಮ್ಮ ನೆಗೆಣ್ಣಿ, ನಮ್ಮನಿಯವರ ಅಣ್ಣನ ಹೇಣತಿ, ಖಾನಾಪುರದ ನೀಲವ್ವ ಮಾಡಿಕೊಟ್ಟ ಬತ್ತಿ ಇವು. ಅಲ್ಲೆ ಹಿಂದ ಕುಂತಾಳ ನೋಡ್ರಿ."

ಹಾಲ್‌ಗೆ ಹಾಲೇ ತಿರುಗಿತು. ಸಾಮಾನು ಹೊತ್ತು ತಂದ ಹೆಂಗಸು ಸ್ವಂತ ನೆಗೆಣ್ಣಿ ಎಂಬುದು ಆ ಮಂದಿಗೆ ಅವತ್ತು ಗೊತ್ತಾಯಿತು. ಆ ಹಾಲ್‌ನಲ್ಲಿ ಅವ್ವನ ಹೆಸರನ್ನು ಯಾರಾದರೂ ಕೂಗಿ ಹೇಳಬೇಕೆಂದು ನಾನು ಎಷ್ಟು ಬಯಸಿದ್ದೆನೋ, ಅದೂ ಆಗಿಹೋಯಿತು.

ಅವ್ವ ಎದ್ದು ಮುಂದೆ ಹೋದಳು. ಒಂದು ಉರಿಯನ್ನು ಬೆರಳುಗಳಿಂದಲೇ ಚಿವುಟಿ ಆರಿಸಿ, ಬತ್ತಿಯನ್ನು ಹೊಸಕಿ ನೋಡಿದಳು. ಅವಳ ಬೆರಳಿಗೆ ಗೊತ್ತಾಗದ ಬತ್ತಿ ಇರಲಿಲ್ಲ. ಅಲ್ಲಿಂದಲೇ ನನ್ನನ್ನು ನೋಡಿದಳು. ನಾನು ಎದ್ದು ನಿಂತು "ಅವ್ವಂದಲ್ಲ, ನಾ ಮಾಡಿದ್ದು" ಎನ್ನಬೇಕಿತ್ತು. ಕುಳಿತೇ ಇದ್ದೆ. ಅಧ್ಯಕ್ಷೆಯ ಕಡೆ ತಿರುಗಿ ಅವ್ವ ಹೇಳಿದಳು: "ಹೌದ್ರಿ. ಬತ್ತಿ ನಮ್ಮನಿವ. ತಪ್ಪ ಆಗೇತಿ."

ಆಮೇಲೆ ಉಳಿದವನ್ನೂ ಒಂದೊಂದಾಗಿ ಆರಿಸಿ, ಮಸಿಯಾದ ಬಟ್ಟೆಯನ್ನು ಮಡಚಿ ಒಗೆದು ಕೊಡುತ್ತೇನೆಂದು ಜೊತೆಗೆ ತೆಗೆದುಕೊಂಡಳು.

ಬಸ್ಸಿನಲ್ಲಿ ಬೈಯಲಿಲ್ಲ, ಹೊಡೆಯಲಿಲ್ಲ. ಖಾನಾಪುರ ಸ್ಟ್ಯಾಂಡು ಬಂದಾಗ ಒಂದೇ ಮಾತು ಆಡಿದಳು. "ಶೈಲೂ, ಆಕಿ ನನ್ನ ಹೆಸರ ಹೇಳಲಿಲ್ಲ ಅಂದರೂ ಮೇಣಬತ್ತಿ ಚಲೋ ಇದ್ದೂ ನೋಡ. ನನಗ ಅಷ್ಟ ಸಾಕಾಗಿತ್ತು."

ಆ ಮೇಲೆ ಅವ್ವ ಮೇಣ ಕರಗಿಸಲಿಲ್ಲ. ಕೇಳಲು ಬಂದವರಿಗೆ ಕಣ್ಣು ಮಂಜಾಗುತ್ತದೆಂದು ನೆವ ಹೇಳಿದಳು. ದವನದ ಎಣ್ಣೆಯ ಬಾಟಲಿ ಗೋಡೆಯ ಮಾಡದಲ್ಲೇ ಕುಳಿತು ಒಣಗಿತು. ನಮ್ಮ ಮನೆಯಲ್ಲೂ ಚಿಮಣಿ ಬಂತು, ನಮ್ಮ ಮನೆಯೂ ಓಣಿಯ ಎಲ್ಲ ಮನೆಗಳಂತೆ ಸೀಮೆಎಣ್ಣೆ ನಾರಿತು. ಈಗ ಬೆಳಗಾವಿಯ ಅಂಗಡಿಗಳಲ್ಲಿ ಗಾಜಿನ ಲೋಟದಲ್ಲಿ ತುಂಬಿದ ಪರಿಮಳದ ಮೇಣಬತ್ತಿಗಳು ಸಾಲಾಗಿರುತ್ತವೆ. ನಾನು ಮುಚ್ಚಳ ತೆಗೆದು ಮೂಸಿ, ಉಗುರು ಊರಿ, ಅಲ್ಲೇ ಇಟ್ಟು ಬರುತ್ತೇನೆ. ಅವ್ವ ಹೋಗಿ ಹಲವು ವರ್ಷಗಳಾದವು. ಅವಳಿರುವಾಗಲೇ ಹೇಳಬಹುದಿದ್ದ ಒಂದು ಮಾತನ್ನು ನಾನು ಹೇಳದೆ ಉಳಿಸಿಕೊಂಡೆ.

ಕಾಕು ಇದ್ದಾಳೆ. ಮದುವೆ ಮುಂಜಿಗಳಲ್ಲಿ ಸಿಗುತ್ತಾಳೆ, ಮೊಣಕಾಲು ನೋವಿನ ಕಥೆ ಹೇಳುತ್ತಾಳೆ. "ಆಕಿಗೆ ವಯಸ್ಸಾತು, ಬಿಡ ಅಕ್ಕಾ, ಹಳೇದ ಯಾಕ" ಎಂದು ನನ್ನ ತಂಗಿ ಹೇಳುತ್ತಾಳೆ. ಬಿಡುವುದಿಲ್ಲ. ಸಾಮಾನು ಹೊತ್ತು ತಂದವಳು ಎಂದ ಆ ಬಾಯಿಗೆ ನನ್ನಲ್ಲಿ ಇಂದಿಗೂ ಕ್ಷಮೆಯಿಲ್ಲ, ಅಂದು ತೆರೆಯದ ನನ್ನ ಬಾಯಿಗೂ ಇಲ್ಲ. ಅವತ್ತು ಆ ಹಾಲ್‌ನಲ್ಲಿ ಮೂಗಿಗೆ ಸೆರಗು ಹಿಡಿದು ಕೂತಿದ್ದ ಹೆಂಗಸರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿಸಿಕೊಳ್ಳಿ: ಆ ಬತ್ತಿಗಳನ್ನು ಕಟ್ಟಿಕೊಟ್ಟವಳು ನಾನು. ಖಾನಾಪುರದ ನೀಲವ್ವನ ಮೇಣಬತ್ತಿ ಒಂದು ದಿನವೂ ಹೊಗೆಯಾಡಿರಲಿಲ್ಲ.