ಅಪ್ಪನ ಪೂಜೆಗೆ ನನ್ನ ಅಂಗೈ

ಅಪ್ಪನಿಗೆ ಲಕ್ವಾ ಹೊಡೆದ ಸುದ್ದಿ ಬಂದಾಗ ನಾನು ಧಾರವಾಡದ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಫೋನ್ ಮಾಡಿದವಳು ಅವ್ವ. ಎಡಗೈ ಬಿದ್ದುಹೋಗಿದೆ, ಲಗೂ ಬಾ ಎಂದಷ್ಟೇ ಹೇಳಿ ಇಟ್ಟಳು. ಧಾರವಾಡದಿಂದ ಹುಬ್ಬಳ್ಳಿ ಏನು ಮಹಾ ದೂರ? ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬಂದೇ ಬಿಡುತ್ತದೆ. ಅಷ್ಟು ಹತ್ತಿರವಿದ್ದೂ ನಾವು ತಂದೆ ಮಗ ವರ್ಷಗಟ್ಟಲೆ ನೆಟ್ಟಗೆ ಒಂದು ಮಾತಾಡಿರಲಿಲ್ಲ.

ಕಾರಣ ಕೇಳಿದರೆ ಕೆಲವರು ನಗುತ್ತಾರೆ. ಕಾಲೇಜು ಮುಗಿಯುವ ಹೊತ್ತಿಗೆ ನಾನು ಕೊರಳಿನ ಇಷ್ಟಲಿಂಗ ತೆಗೆದು ದೇವರ ಮನೆಯಲ್ಲಿಟ್ಟೆ. ನಂಬಿಕೆಯಿಲ್ಲದೆ ಕಟ್ಟಿಕೊಂಡು ತಿರುಗುವುದು ಮೋಸ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಅಪ್ಪ ಹುಬ್ಬಳ್ಳಿಯ ಅಮರಗೋಳದ ಪೇಟೆಯಲ್ಲಿ ಮೆಣಸಿನಕಾಯಿ ದಲಾಲರು. ಅಂಗಡಿಯಲ್ಲಿ ಎಷ್ಟು ಮಾತೋ ಮನೆಯಲ್ಲಿ ಅಷ್ಟೇ ಮೌನ. ಅವರು ಬೈಯಲಿಲ್ಲ, ಕೂಗಾಡಲಿಲ್ಲ. ಲಿಂಗ ಇಲ್ಲದವನ ಸಂಗಡ ಕೂತು ಊಟ ಮಾಡುವುದಿಲ್ಲ ಎಂದು ಅವ್ವನಿಗೆ ಹೇಳಿದರು, ಅದೂ ನನಗೆ ಕೇಳುವ ಹಾಗೆ. ಸಿಟ್ಟಿನಲ್ಲಿ ನಾನು ಅವರ ಮಗನೇ. ಅವತ್ತಿನಿಂದ ಆ ಮನೆಯಲ್ಲಿ ನೀರು ಸಹ ಮುಟ್ಟಲಿಲ್ಲ. ಹಬ್ಬಕ್ಕೆ ಹೋದರೆ ಹೊರಗೆ ಕಟ್ಟೆಯ ಮೇಲೆ ಕೂತು, ಅವ್ವನ ಕೂಡ ನಾಲ್ಕು ಮಾತಾಡಿ ಎದ್ದುಬಿಡುತ್ತಿದ್ದೆ. ಅವಳು ಹಿಂದೆಯೇ ಬಂದು ಹೋಳಿಗೆಯ ಡಬ್ಬಿ ಕೈಗೆ ತುರುಕುವಳು. ಬಸ್ಸಿನಲ್ಲಿ ಆ ಡಬ್ಬಿಯ ಬಿಸಿ ತೊಡೆಗೆ ತಾಗುತ್ತಿರುವಾಗ, ಈಗ ಅಪ್ಪ ಊಟಕ್ಕೆ ಕೂತಿರಬೇಕು ಅಂದುಕೊಳ್ಳುತ್ತಿದ್ದೆ. ಅವರ ಪಕ್ಕದಲ್ಲಿ ಕೂತು ಉಣ್ಣಬೇಕೆಂಬ ಆಸೆಯನ್ನು ಮಾತ್ರ ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ.

ದವಾಖಾನೆಯಿಂದ ಮನೆಗೆ ಕರೆತಂದ ಮೇಲೆ ನಿಜವಾದ ಪೇಚಾಟ ಶುರುವಾಯಿತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಬಲಗೈಯಿಂದ ಪೂಜಿಸಬೇಕು. ಪೂಜೆಯಾಗದೆ ಅಪ್ಪ ತುತ್ತು ಎತ್ತುವವರಲ್ಲ. ಅವರ ಎಡಗೈಯೋ ಬೇರೆ ಯಾರದೋ ಸಾಮಾನಿನ ಹಾಗೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಹಾಗಾಗಿ ಅವ್ವ ಎದುರು ಕೂತು ತನ್ನ ಅಂಗೈ ಒಡ್ಡುತ್ತಿದ್ದಳು. ನಾನು ಮೊದಲ ಬಸ್ಸಿಗೆ ಬಂದು, ದುರ್ಗದಬೈಲಿನ ಪೇಟೆಯಿಂದ ಹೂವು, ಪತ್ರಿ ತಂದುಕೊಟ್ಟು, ಬಾಗಿಲ ಬಳಿ ನಿಂತು ನೋಡಿ, ಶಾಲೆಯ ಹೊತ್ತಿಗೆ ಧಾರವಾಡಕ್ಕೆ ಮರಳುತ್ತಿದ್ದೆ.

ಅವ್ವನ ಕೈಗೂ ವಯಸ್ಸಾಗಿದೆ, ನಡುಗುತ್ತದೆ. ಒಂದು ಬೆಳಿಗ್ಗೆ ಅಪ್ಪ ನೀರು ಹನಿಸುತ್ತಿರುವಾಗ ಲಿಂಗ ಜಾರಿತು. ಲಿಂಗ ನೆಲಕ್ಕೆ ಬೀಳುವುದೆಂದರೆ ನಮ್ಮವರ ಪಾಲಿಗೆ ಜೀವವೇ ಹೋದ ಹಾಗೆ. ನಾನು ಬಾಗಿಲಿನಿಂದ ಹೇಗೆ ನುಗ್ಗಿದೆನೋ ಗೊತ್ತಿಲ್ಲ; ಅವಳ ಕೈಯ ಕೆಳಗೆ ನನ್ನ ಕೈ ಇತ್ತು, ಲಿಂಗ ನನ್ನ ಅಂಗೈಯಲ್ಲಿತ್ತು. ಅಪ್ಪ ನನ್ನ ಕೊರಳ ಕಡೆ ನೋಡಿದರು. ಅಂಗಿಯ ಮೇಲಿನ ಗುಂಡಿ ಹಾಕಿರಲಿಲ್ಲ, ಲಿಂಗ ಕಟ್ಟುವ ಶಿವದಾರ ಇಲ್ಲದ್ದು ಚೆನ್ನಾಗಿ ಕಾಣುತ್ತಿತ್ತು. ಈಗ ಏನೋ ಅನ್ನುತ್ತಾರೆ ಎಂದು ಕಾದೆ. ಅವರು ಲಿಂಗವನ್ನು ಎತ್ತಿಕೊಂಡು ಒರೆಸಿ, ಅವ್ವನ ಕೈಯಿಂದ ಕೊರಳಿಗೆ ಕಟ್ಟಿಸಿಕೊಂಡರು.

ಮರುದಿನ ನಾನು ಪತ್ರಿ ಇಟ್ಟು ಹಿಂದೆ ಸರಿಯುತ್ತಿದ್ದೆ. ತೊದಲುವ ನಾಲಗೆಯಲ್ಲಿ ಅಪ್ಪ ಅಂದರು, "ಕೈ ತೊಳಕೊಂಡ ಬಾ."

ತೊಳೆದುಕೊಂಡು ಬಂದೆ. ಕೈ ನಡುಗಬಾರದೆಂದು ಮೊಣಕೈಯನ್ನು ಪಕ್ಕೆಗೆ ಒತ್ತಿ ಕೂತೆ. ಅವರು ನನ್ನ ಅಂಗೈಗೆ ವಿಭೂತಿ ಹಚ್ಚಿ ಲಿಂಗವನ್ನಿಟ್ಟರು. ನೆನಪಿದ್ದಂತೆ ಅಪ್ಪ ನನ್ನ ಕೈ ಮುಟ್ಟಿದ್ದು ಚಿಕ್ಕಂದಿನಲ್ಲಿ ರಸ್ತೆ ದಾಟಿಸುವಾಗ. ಪೂಜೆಯುದ್ದಕ್ಕೂ ಅವರ ದೃಷ್ಟಿ ನನ್ನ ಅಂಗೈಯಲ್ಲೇ ನೆಟ್ಟಿತ್ತು. ಒಂದು ಗೇಣು ಮೇಲೆತ್ತಿದ್ದರೆ ನನ್ನ ಮುಖ ಸಿಗುತ್ತಿತ್ತು. ಎತ್ತಲಿ, ಎತ್ತಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಇಷ್ಟು ಭಕ್ತಿಯಿಂದ ನಾನು ಜೀವನದಲ್ಲಿ ಯಾವ ದೇವರನ್ನೂ ಬೇಡಿಲ್ಲ.

ಪೂಜೆ ಮುಗಿದ ಮೇಲೆ ಅವ್ವ ಯಾರನ್ನೂ ಕೇಳದೆ ಎರಡು ತಾಟಿಗೆ ನುಚ್ಚು, ಮಜ್ಜಿಗೆ ಬಡಿಸಿದಳು. ಅಪ್ಪ ಎರಡನೆಯ ತಾಟಿನ ಕಡೆ ನೋಡಿ ಉಣ್ಣತೊಡಗಿದರು. ನಾನೂ ಉಂಡೆ.

ಆಮೇಲೆ ದಿನಾ ಹೀಗೇ ನಡೆಯಿತು. ನನಗೆ ನಂಬಿಕೆ ಬಂತೆಂದೇನಲ್ಲ. ಲಿಂಗ ಕಟ್ಟಿಕೋ ಎಂದು ಅವರು ಹೇಳಲಿಲ್ಲ, ಕಟ್ಟಿಕೊಳ್ಳುತ್ತೇನೆ ಎಂದು ನಾನೂ ಅನ್ನಲಿಲ್ಲ. ಬಸ್ಸಿನಲ್ಲಿ ಬರುವಾಗ ಹೇಳಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡು ಬರುತ್ತಿದ್ದೆ. ಪೂಜೆಯಲ್ಲಿ ಮಾತಾಡುವಂತಿಲ್ಲ, ಊಟದಲ್ಲಿ ಅವರು ಮಾತಾಡುವುದಿಲ್ಲ, ಅಷ್ಟರಲ್ಲಿ ಬಸ್ಸಿನ ಹೊತ್ತಾಗುತ್ತಿತ್ತು.

ಅಪ್ಪನ ಕೈಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಬಹಳ ಹುರುಪಿನವಳು. ರಬ್ಬರ್ ಚೆಂಡು ಕೊಟ್ಟು ಹಿಚುಕಿಸುವಳು, ಬೆರಳು ಒಂದೊಂದಾಗಿ ಬಿಡಿಸುವಳು. ಕಿರುಬೆರಳು ಅಲ್ಲಾಡಿದ ದಿನ ಅವ್ವ ಓಣಿಗೆಲ್ಲ ಪೇಡೆ ಹಂಚಿದಳು. ನಾನೂ ಒಂದು ತಿಂದೆ. ಆದರೆ ಈ ಕೈ ಇನ್ನಷ್ಟು ದಿನ ಹೀಗೇ ಇರಬಾರದೇ ಎಂದು ನನ್ನ ಮನಸ್ಸು ಬಯಸುತ್ತಿತ್ತು. ಎಂಥ ಮಗ ಅನ್ನಿ ಬೇಕಾದರೆ. ಗುಣವಾದ ಕೈಗೆ ನನ್ನ ಕೈ ಯಾತಕ್ಕೆ ಬೇಕು?

ಕೊನೆಗೆ ಆ ಬೆಳಗು ಬಂತು. ನಾನು ಕೈ ತೊಳೆದು ಎದುರು ಕೂತು ಅಂಗೈ ಒಡ್ಡಿದ್ದೆ. ಅಪ್ಪ ತಮ್ಮ ಎಡಗೈಯನ್ನು ನಿಧಾನ ಮೇಲೆತ್ತಿ, ಅದರಲ್ಲೇ ಲಿಂಗವನ್ನಿಟ್ಟುಕೊಂಡರು. ಬೆರಳು ಪೂರ್ತಿ ಬಿಚ್ಚಿರಲಿಲ್ಲ, ಆದರೂ ಕೈ ನಿಂತಿತು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡು ಎಲ್ಲಿಡಬೇಕೋ ತಿಳಿಯದೆ ಮೊಣಕಾಲ ಮೇಲಿಟ್ಟೆ.

ಊಟವಾದ ಮೇಲೆ ಅಪ್ಪ ಹೇಳಿದರು, "ನಾಳಿಂದ ತ್ರಾಸ ತಗೋಬ್ಯಾಡ. ಸಾಲಿಗೆ ತಡಾ ಆಗತೈತಿ ನಿನಗ."

ಹೂಂ ಎಂದು ಎದ್ದೆ. ಚಪ್ಪಲಿ ಮೆಟ್ಟಿದೆ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ಒಂದೂ ನೆನಪಿಗೆ ಬರಲಿಲ್ಲ. ಹೊಸ್ತಿಲಲ್ಲಿ ನಿಂತು, ಬಾಯಿಗೆ ಬಂದದ್ದನ್ನು ಕೇಳಿದೆ.

"ಅಪ್ಪಾ, ಕೈ ಛಲೋ ಆದ ಮ್ಯಾಲೂ ನಾ ಬರಬಹುದೇನ್ರಿ?"

ಅವರು ತಲೆಯೆತ್ತಿ ನನ್ನ ಮುಖ ನೋಡಿದರು.

"ಬರಬ್ಯಾಡ ಅಂತ ನಾ ಯಾವಾಗ ಅಂದೇನಿ?"

ನಿಂತಲ್ಲೇ ಹಳೆಯದನ್ನೆಲ್ಲ ತಿರುವಿ ಹಾಕಿದೆ. ಖರೇ, ಊಟದ ಮಾತು ಆಡಿದ್ದರು. ಬರಬೇಡ ಎಂದು ಒಮ್ಮೆಯೂ ಅಂದಿರಲಿಲ್ಲ. ಈ ಒಂದು ಮಾತು ಕೇಳಲು ನನಗೆ ಅವರ ಕೈ ಬೀಳಬೇಕಾಯಿತು.