ಅರ್ಧ ಬಾಗಿಲಿನ ಆಚೆಯಿಂದ ಬಂದ ಉತ್ತರ

ನಾನು ಪ್ರಶ್ನೆ ಕೇಳಲು ಕೂತಿದ್ದ ಜಾಗದಿಂದ ನನಗೆ ಕಾಣುತ್ತಿದ್ದದ್ದು ಗಂಡಸರ ಕಾಲುಗಳು ಮಾತ್ರ. ಮಂಡ್ಯದ ನಮ್ಮ ಕ್ಲಬ್ಬಿನ ಬಾರಿಗೂ ಪಕ್ಕದ ಸಣ್ಣ ಕೋಣೆಗೂ ನಡುವೆ ಒಂದು ಅರ್ಧ ಬಾಗಿಲಿತ್ತು. ಮೇಲೂ ಕೆಳಗೂ ಬಯಲು, ನಡುವೆ ಎರಡು ಹಲಗೆ, ತಳ್ಳಿದರೆ ಆ ಕಡೆಗೂ ಈ ಕಡೆಗೂ ಆಡುವಂಥದ್ದು. ಸಂಸಾರಸ್ಥ ಹೆಂಗಸು ಬಾರಿನೊಳಗೆ ಕೂರುವುದು ಚೆನ್ನಾಗಿರುವುದಿಲ್ಲವೆಂದು ಕಾರ್ಯದರ್ಶಿಗಳು ನನ್ನನ್ನು ಆ ಕೋಣೆಯಲ್ಲಿ, ಮುರಿದ ಕುರ್ಚಿಗಳ ನಡುವೆ ಕೂರಿಸಿ, ನನ್ನ ದನಿಯನ್ನು ಮಾತ್ರ ಒಳಗೆ ಬಿಟ್ಟುಕೊಂಡಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮವರು ನಾಲೆಯ ಇಲಾಖೆಯಲ್ಲಿ ಇಂಜಿನಿಯರು. ಮಳವಳ್ಳಿಯಲ್ಲಿ ಮೂರು ವರ್ಷ ಇದ್ದು ಮಂಡ್ಯಕ್ಕೆ ವರ್ಗವಾಗಿ ಬಂದಿದ್ದೆವು. ಕ್ಲಬ್ಬಿನಲ್ಲಿ ಜನರಲ್ ನಾಲೆಡ್ಜ್ ಸ್ಪರ್ಧೆ ನಡೆಸಬೇಕಾಗಿದ್ದ ಕಾಲೇಜಿನ ಮೇಷ್ಟರಿಗೆ ಕಾಮಾಲೆ ಬಂತು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು, ಪೇಪರಿನ ಪದಬಂಧವನ್ನು ಕಾಫಿ ಆರುವ ಮೊದಲೇ ಮುಗಿಸುತ್ತೇನೆ ಎಂಬ ಸುದ್ದಿ ಯಾರದೋ ಹೆಂಡತಿಯ ಮೂಲಕ ಕಾರ್ಯದರ್ಶಿಗಳ ಕಿವಿಗೆ ಬಿದ್ದಿತ್ತು. ಅವರು ವಕೀಲರು. ಮನೆಗೆ ಬಂದು ಕೇಳಿದರು. ನಾನು ಒಪ್ಪಿದೆ, ಆದರೆ ಬದಲಿಗೆ ಒಂದು ಬೇಡಿಕೆ ಇಟ್ಟೆ. ಆ ಮುರಿದ ಕುರ್ಚಿಗಳ ಕೋಣೆಯನ್ನು ಖಾಲಿ ಮಾಡಿಸಿ, ಪ್ರತಿ ಬುಧವಾರ ಸಂಜೆ ಹೆಂಗಸರಿಗೆ ಓದುವುದಕ್ಕೆ ಬಿಟ್ಟುಕೊಡಬೇಕು.

ಆ ಆಸೆ ನನಗಿಂತ ಹೆಚ್ಚಾಗಿ ಅಕ್ಕಿ ಗಿರಣಿ ಯಜಮಾನರ ಹೆಂಡತಿಯದು. ಚಿಕ್ಕರಸಿನಕೆರೆಯ ಹೆಣ್ಣುಮಗಳು, ಐದನೆಯ ಕ್ಲಾಸಿಗೇ ಸ್ಕೂಲು ಬಿಡಿಸಿದ್ದರಂತೆ. ನಾನು ಅಕ್ಕ ಎನ್ನುತ್ತಿದ್ದೆ. ನಮ್ಮ ಮನೆಯ ವಾರಪತ್ರಿಕೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ಯುತ್ತಿದ್ದರು. "ಮನೇಲಿ ಪುಸ್ತ್ಕ ಇಡ್ಕಂಡ್ರೆ ನಮ್ಮತ್ತೆ ಕೆಲ್ಸ ಇಲ್ವಾ ಅಂತದೆ ಕಣಮ್ಮ," ಎಂದಿದ್ದರು. "ವಾರಕ್ಕೊಂದ್ ದಪ ಎರಡು ಗಂಟೆ ಸಿಕ್ಕುದ್ರೆ ಸಾಕು ನಂಗೆ. ಆ ರೂಮ್ನ ಕೊಡ್ಸು, ನಿನ್ ಕಾಲಿಗೆ ಬೇಕಾದ್ರೂ ಬೀಳ್ತೀನಿ."

ಕಾರ್ಯದರ್ಶಿಗಳು ಯೋಚಿಸಿ ಷರತ್ತು ಹಾಕಿದರು. "ಆಗಲಿ ತಾಯಿ. ಆದರೆ ನಿಮ್ಮ ಯಜಮಾನರೂ ಮಂಡ್ಯ ತಂಡದ ಮೇಜಿನಲ್ಲಿ ಕೂತ್ಕೋತಾರೆ. ಉತ್ತರ ಮೊದಲೇ ಆಚೆ ಹೋಗಿತ್ತು ಅಂತ ಒಬ್ಬೇ ಒಬ್ಬರು ಬಾಯಿ ಬಿಟ್ಟರೂ ರೂಮಿನ ಮಾತು ಮರೆತುಬಿಡಿ."

"ನನ್ನ ಪುಸ್ತಕ ಯಾರೂ ನೋಡೋದಿಲ್ಲ. ಅದಕ್ಕೆ ನಾನು ಜವಾಬ್ದಾರಿ," ಎಂದೆ.

ನಲವತ್ತು ಪ್ರಶ್ನೆಗಳನ್ನು ಒಂದು ಗೆರೆಪುಸ್ತಕದಲ್ಲಿ ಬರೆದೆ. ಅಡುಗೆಮನೆಯಲ್ಲೇ ಕೂತು, ಒಂದು ಕಣ್ಣು ಒಲೆಯ ಮೇಲೆ ಇಟ್ಟುಕೊಂಡು ಬರೆದದ್ದು. ಒಂದು ಪ್ರಶ್ನೆಗೆ ಎರಡು ಹೆಸರು ಬರೆದು, ಬೇಡದ್ದನ್ನು ಹೊಡೆದುಹಾಕುವಾಗ ಹಾಲು ಉಕ್ಕಿತು. ಪುಟದ ಮೇಲೂ ನಾಲ್ಕು ಹನಿ ಬಿತ್ತು. ಬರೆದು ಮುಗಿಸಿ ಪುಸ್ತಕವನ್ನು ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದೆ. ಬೀಗದ ಕೈ ಎಂದಿನಂತೆ ದೇವರಮನೆಯ ಮೊಳೆಯಲ್ಲಿ ತೂಗುತ್ತಿತ್ತು. ಶನಿವಾರ ಬೆಳಿಗ್ಗೆ ಪುಸ್ತಕ ತೆಗೆಯುವಾಗ ಹಸಿರು ಸೀರೆಯ ಅಂಚು ಗೋಡೆಯ ಕಡೆ ತಿರುಗಿತ್ತು. ನಾನು ಯಾವಾಗಲೂ ಅಂಚನ್ನು ನನ್ನ ಕಡೆಗೆ ಬರುವ ಹಾಗೆ ಇಡುತ್ತೇನೆ. ಅವಸರದಲ್ಲಿ ನಾನೇ ಹಾಗಿಟ್ಟಿರಬೇಕು ಎಂದುಕೊಂಡು ಮರೆತೆ.

ಸಂಜೆ ಆರು ಗಂಟೆಗೆ ಸ್ಪರ್ಧೆ ಶುರುವಾಯಿತು. ಮಂಡ್ಯ, ಮದ್ದೂರು, ಮಳವಳ್ಳಿ ಎಂದು ಮೂರು ಮೇಜು, ಮೇಜಿಗೆ ಮೂವರು. ಉತ್ತರ ಗೊತ್ತಿದ್ದವರು ಚಮಚದಿಂದ ಸೋಡಾ ಬಾಟಲಿಗೆ ಬಡಿಯಬೇಕು. ಬಾಗಿಲಿನ ಕೆಳಗೆ ಕಾಲುಗಳ ಸಾಲು. ಮದ್ದೂರಿನವರದು ಹೊಸ ಬೂಟು, ಒಬ್ಬರು ಮೇಜಿನಡಿಯಲ್ಲಿ ಅದನ್ನು ಬಿಚ್ಚಿಟ್ಟು ಕಾಲ್ಬೆರಳು ಚಾಚಿಕೊಂಡಿದ್ದರು. ಮಳವಳ್ಳಿ ಮೇಜಿನಲ್ಲಿ ಟೈರಿನ ಅಟ್ಟೆಯ ದಪ್ಪ ಚಪ್ಪಲಿ. ಅವರು ಕಿರುಗಾವಲಿನ ಬೆಲ್ಲದ ವ್ಯಾಪಾರಿ, ಮಳವಳ್ಳಿ ದಿನಗಳಿಂದಲೂ ನಮ್ಮವರ ಸ್ನೇಹಿತರು. ನಮ್ಮವರ ಕಂದು ಬೂಟನ್ನು ನಾನೇ ಮಧ್ಯಾಹ್ನ ಪಾಲಿಶ್ ಮಾಡಿದ್ದೆ.

ರೇಷ್ಮೆಹುಳು ಗೂಡು ಕಟ್ಟುವ ಮೊದಲು ಎಷ್ಟು ಸಲ ಪೊರೆ ಬಿಡುತ್ತದೆ ಎಂದೆ. ನಾಲ್ಕು ಎಂದು ಮಳವಳ್ಳಿಯವರು ಹೇಳಿದರು. ಮಂಗೋಲಿಯದ ರಾಜಧಾನಿ ಎನ್ನುವಷ್ಟರಲ್ಲಿ ಮಂಡ್ಯದ ಬಾಟಲಿ ಟಣ್ ಎಂದಿತು. "ಉಲಾನ್ ಬಟೋರ್." ನಮ್ಮವರ ದನಿ. ನನಗೆ ಹೆಮ್ಮೆಯೇ ಆಯಿತು. ಮನುಷ್ಯನ ಅತಿ ಚಿಕ್ಕ ಮೂಳೆ ಎಂದೆ. "ಕಿವಿಯಲ್ಲಿ." ಮತ್ತೆ ಅವರೇ. ಬಾರಿನಲ್ಲಿ ಹೋಯ್ ಎಂದು ಗದ್ದಲ. ಆಗ ನೋಡಿದೆ, ಅವರ ಬಲಗಾಲಿನ ಹಿಮ್ಮಡಿ ಕುಣಿಯುತ್ತಿತ್ತು. ಏಕಾದಶಿಯ ದಿನ ಹೋಟೆಲಿನಲ್ಲಿ ದೋಸೆ ತಿಂದು ಬಂದು ನಮ್ಮ ಅತ್ತೆಯ ಮುಂದೆ ಏನೂ ತಿಂದಿಲ್ಲ ಎನ್ನುವಾಗ ಮಾತ್ರ ಅದು ಹಾಗೆ ಕುಣಿಯುತ್ತದೆ. ಜನರ ಮುಂದೆ ಕೂತಿದ್ದಾರಲ್ಲ, ಅದಕ್ಕೆ ಇರಬೇಕು ಎಂದುಕೊಂಡೆ.

ಇಪ್ಪತ್ತೇಳನೆಯ ಪ್ರಶ್ನೆ. "ಶಿವನಸಮುದ್ರದಲ್ಲಿ ಕಾವೇರಿ ಎರಡು ಕಡೆ ಬೀಳುತ್ತೆ. ಅದರಲ್ಲಿ ಮಳವಳ್ಳಿ ಕಡೆ..."

ಟಣ್. "ಭರಚುಕ್ಕಿ," ಎಂದರು ನಮ್ಮವರು.

ಟೈರಿನ ಚಪ್ಪಲಿ ನೆಲಕ್ಕೆ ಬಡಿಯಿತು. "ಏನ್ ಸಾಮಿ, ಮೂರು ವರ್ಸ ನಮ್ ತಾಲೂಕಿನ ನೀರು ಕುಡುದೋರು ನೀವು. ನಮ್ದು ಗಗನಚುಕ್ಕಿ ಕಣ್ರೀ. ಭರಚುಕ್ಕಿ ಆಚೆ ಕೊಳ್ಳೇಗಾಲದ್ ಕಡೇದು. ಒಂದು ಗ್ಲಾಸ್ಗೇ ನದಿ ದಾಟ್ಬುಟ್ರಲ್ಲ."

ಎಲ್ಲರೂ ನಕ್ಕರು. ನಾನು ಪುಸ್ತಕದ ಕಡೆ ನೋಡಿದೆ. ಹಾಲಿನ ಕಲೆಯ ಪಕ್ಕದಲ್ಲಿ, ನನ್ನ ಕಾನ್ವೆಂಟಿನ ದುಂಡನೆಯ ಅಕ್ಷರದಲ್ಲಿ, ಭರಚುಕ್ಕಿ ಎಂದಿತ್ತು. ಗಗನಚುಕ್ಕಿಯ ಮೇಲೆ ಗೀಟು ಎಳೆದಿದ್ದೆ. ಹಾಲು ಉಕ್ಕಿದ ಗಡಿಬಿಡಿಯಲ್ಲಿ ಹೊಡೆದುಹಾಕಬೇಕಾದ ಹೆಸರನ್ನು ಬಿಟ್ಟು ಇನ್ನೊಂದನ್ನು ಹೊಡೆದುಹಾಕಿದ್ದೆ.

ಮೈಸೂರಿನ ಹುಡುಗಿಯಾದ ನನಗೆ ಆ ತಪ್ಪು ಆಗಬಹುದು. ಅವರಿಗೆ ಆಗುವುದು ಸಾಧ್ಯವೇ ಇರಲಿಲ್ಲ. ಮಳವಳ್ಳಿಗೆ ಹೋದ ಹೊಸದರಲ್ಲಿ ಆ ಜಲಪಾತದ ಎದುರಿನ ಬಂಡೆಯ ಮೇಲೆ ನನ್ನ ತಲೆಗೆ ಕೊಡೆ ಹಿಡಿದು ನಿಂತು, "ಇದು ಗಗನಚುಕ್ಕಿ, ನಮ್ಮ ಕಡೇದು, ನೆನಪಿಟ್ಕೋ," ಎಂದು ಹೇಳಿಕೊಟ್ಟವರು ಅವರೇ. ಭರಚುಕ್ಕಿ ಎಂಬ ಉತ್ತರ ಇಡೀ ಮಂಡ್ಯದಲ್ಲಿ ಒಂದೇ ಕಡೆ ಇತ್ತು, ನನ್ನ ತೊಡೆಯ ಮೇಲೆ.

ಬಾಗಿಲಿನ ಕೆಳಗೆ ನೋಡಿದೆ. ಹಿಮ್ಮಡಿ ನಿಂತುಹೋಗಿತ್ತು.

ಆಮೇಲಿನ ಹದಿಮೂರು ಪ್ರಶ್ನೆಗಳನ್ನು ನಾನು ಹೇಗೆ ಕೇಳಿದೆನೋ ನೆನಪಿಲ್ಲ. ನನ್ನ ದನಿ ಬೇರೆ ಯಾರದೋ ಎನ್ನುವ ಹಾಗೆ ಕೇಳಿಸುತ್ತಿತ್ತು. ಎಂಟು ವರ್ಷ ಒಂದೇ ತಟ್ಟೆಯ ಚಟ್ನಿ ತಿಂದವರು. ಇವರು ಕಚೇರಿಯ ಪೆನ್ಸಿಲನ್ನೂ ಮನೆಗೆ ತರುವುದಿಲ್ಲ ಎಂದು ನಾನು ತವರಿನಲ್ಲಿ ಹೇಳಿಕೊಳ್ಳುತ್ತಿದ್ದೆ. ನಮ್ಮವರು ಆಮೇಲೆ ಒಂದು ಸಲವೂ ಬಾಟಲಿ ಮುಟ್ಟಲಿಲ್ಲ. ಆದರೂ ಮೊದಲೇ ಕೂಡಿದ್ದ ಅಂಕಗಳಿಂದ ಮಂಡ್ಯದ ಮೇಜು ಗೆದ್ದಿತು.

ಕಾರ್ಯದರ್ಶಿಗಳು ಜಗಲಿಯ ಕಡೆಯಿಂದ ಕೋಣೆಗೆ ಬಂದರು. ಅವರ ಹಿಂದೆ, ಬಾಗಿಲಲ್ಲಿ, ಗಿರಣಿಯ ಅಕ್ಕನ ಮುಖ. "ಒಂದು ಮಾತೂ ಏಳಲಿಲ್ಲ ತಾಯಿ. ರೂಮು ನಿಮ್ಮದು," ಎಂದು ಕೋಣೆಯ ಬೀಗದ ಕೈ ಚಾಚಿದರು.

ತೆಗೆದುಕೊಂಡಿದ್ದರೆ ಆಗಿಹೋಗುತ್ತಿತ್ತು. ಗೊತ್ತಿದ್ದವರು ಇಬ್ಬರೇ. ಆದರೆ ನಾನು ಜವಾಬ್ದಾರಿ ಎಂದವಳು ನಾನು. ಕೈ ಮುಂದೆ ಬರಲಿಲ್ಲ.

ನಾನು ಅರ್ಧ ಬಾಗಿಲಿನ ಕಡೆ ತಿರುಗಿ, ಪ್ರಶ್ನೆ ಕೇಳಿದ ದನಿಯಲ್ಲೇ ಹೇಳಿದೆ. "ಮಂಡ್ಯದ ಅಂಕ ತೆಗೆದುಬಿಡಿ. ಆ ಜಲಪಾತದ ಉತ್ತರ ನನ್ನ ಪುಸ್ತಕದಲ್ಲೇ ತಪ್ಪಿದೆ. ಆ ತಪ್ಪೇ ಹೊರಗೆ ಬಂತು. ಪುಸ್ತಕ ನೋಡಿದ್ದಾರೆ."

ಕಂದು ಬೂಟು ಎದ್ದು ನಿಂತಿತು. "ನೋಡಿದ್ದು ನಾನು," ಎಂದರು ನಮ್ಮವರು. "ಅವಳಿಗೆ ಗೊತ್ತಿರಲಿಲ್ಲ."

ಬಾರಿನವರೆಲ್ಲ ಬೈಯುತ್ತಾರೆ, ಜಗಳ ತೆಗೆಯುತ್ತಾರೆ ಎಂದು ನಾನು ಕಾದೆ. ಅವರು ನಕ್ಕರು. ಮನಸಾರೆ ನಕ್ಕರು. "ಬುಡಿ ಸಾಮಿ, ಎಂಡ್ತಿ ಪುಸ್ತ್ಕ ತಾನೆ, ಎಸ್ಸೆಸ್ಸೆಲ್ಸಿ ಪೇಪರಾ ಅದು," ಎಂದರು ಕಿರುಗಾವಲಿನವರು. "ಕಾಪಿ ಒಡೆದೂ ಫೇಲಾದೋರ್ನ ಇವತ್ತೇ ನೋಡುದ್ದು." ಇನ್ಯಾರೋ ನಮ್ಮವರ ಬೆನ್ನು ತಟ್ಟಿದ ಸದ್ದು ಕೇಳಿಸಿತು. ಅವರಿಗೆಂದು ಒಂದು ಬಿಯರು ಹೇಳಿದರು.

ಇತ್ತ ಕಾರ್ಯದರ್ಶಿಗಳು ಬೀಗದ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. "ಷರತ್ತು ಷರತ್ತೇ ಅಲ್ವಾ ತಾಯಿ. ಒಬ್ಬರು ಬಾಯಿ ಬಿಟ್ಟರೂ ಅಂದಿದ್ದೆ. ಬಿಟ್ಟವರು ನೀವೇ ಆದಿರಿ."

ನನಗೆ ಆ ದಿನದ ಮೊದಲ ಆಘಾತಕ್ಕಿಂತ ಇದು ದೊಡ್ಡದಾಯಿತು. ಪುಸ್ತಕ ನೋಡಿದವರಿಗೆ ಬಿಯರು, ನೋಡಿದ್ದಾರೆ ಎಂದವಳಿಗೆ ಬೀಗ. ಜಗಲಿಯಲ್ಲಿ ಅಕ್ಕ ನನ್ನನ್ನು ನಿಲ್ಲಿಸಿದರು. ಕಣ್ಣು ಕೆಂಪಾಗಿತ್ತು. "ಗಂಡುನ್ ಮಾನ ಕಾಪಾಡು ಅನ್ನಕಿಲ್ಲ ನಾನು. ನಮ್ ರೂಮ್ ಕಾಪಾಡ್ಬೌದಿತ್ತು ಕಣಮ್ಮ. ಒಂದ್ ಗಳಿಗೆ ಬಾಯಿ ಮುಚ್ಕಂಡಿದ್ರೆ ಏನಾಗದು ನಿಂಗೆ."

ಮನೆಗೆ ನಡೆದು ಹೋಗುವಾಗ ರೈಲ್ವೆ ಗೇಟು ಬಿದ್ದಿತ್ತು. ನಾವಿಬ್ಬರೂ ಒಂದು ಮಾರು ದೂರ ನಿಂತೆವು. ಬಿಯರನ್ನು ಅವರು ಮುಟ್ಟಿರಲಿಲ್ಲ. ಗಾಡಿ ದಾಟಿದ ಮೇಲೆ ಹೇಳಿದರು. "ವಾರದಿಂದ ಬಾರಲ್ಲಿ ಒಂದೇ ಮಾತು. ಹೆಂಡ್ತಿ ಕೇಳೋ ಪ್ರಶ್ನೆಗೆ ಗಂಡ ಬಾಯಿ ಬಿಟ್ಕೊಂಡು ಕೂತ್ಕೋತಾನೆ ಅಂತ. ನಿನ್ನ ಮುಂದೆ ಎಲ್ಲರೆದುರಿಗೆ ಗೊತ್ತಿಲ್ಲ ಅನ್ನೋದಕ್ಕೆ ಆಗ್ತಿರಲಿಲ್ಲ ನನಗೆ."

"ಗಗನಚುಕ್ಕಿ ನಿಮಗೆ ಗೊತ್ತಿತ್ತು," ಎಂದೆ.

"ಗೊತ್ತಿತ್ತು. ನೀನು ಭರಚುಕ್ಕಿ ಅಂತ ಬರ್ದಿದ್ದೆ. ನೀನು ಬರೆದಿದ್ದು ಅಂದ್ಮೇಲೆ ನಾನೇ ಇಷ್ಟು ದಿನ ತಪ್ಪು ತಿಳ್ಕೊಂಡಿದ್ದೆನೇನೋ ಅನ್ನಿಸ್ತು."

ಸಿಟ್ಟಾಗಬೇಕೋ ಏನು ಮಾಡಬೇಕೋ ತಿಳಿಯದೆ ನಾನು ಮುಂದೆ ನಡೆದೆ.

ಬುಧವಾರ ಅಕ್ಕ ಮನೆಗೆ ಬಂದರು. ಸಿಟ್ಟು ಇಳಿದಿರಲಿಲ್ಲ, ಆದರೆ ದಿಕ್ಕು ಬದಲಾಯಿಸಿತ್ತು. "ರೂಮ್ಗೆ ತಾನೆ ಬೀಗ. ಜಗಲಿಗೆ ಎಲ್ಲೈತೆ ಬೀಗ? ಏಳು, ಪುಸ್ತ್ಕ ತಕ್ಕೊ." ನಾವು ಐದು ಹೆಂಗಸರು ಕ್ಲಬ್ಬಿನ ಜಗಲಿಯಲ್ಲಿ, ಬೀಗ ಹಾಕಿದ ಕೋಣೆಯ ಮುಂದೆ, ವಾರಪತ್ರಿಕೆ ಹಿಡಿದು ಕೂತೆವು. ಬಾರಿಗೆ ಹೋಗುವುದಕ್ಕೆ ಬೇರೆ ದಾರಿಯಿರಲಿಲ್ಲ. ಸಂಜೆ ಬಂದ ಗಂಡಸರು ಒಬ್ಬೊಬ್ಬರಾಗಿ ನಮ್ಮ ಮುಂದೆಯೇ ಹಾದು ಹೋಗಬೇಕಾಯಿತು. ಅಕ್ಕ ಪುಟದಿಂದ ತಲೆಯೆತ್ತಿ ಪ್ರತಿಯೊಬ್ಬರಿಗೂ, "ಏನಣ್ಣ, ಚೆಂದಾಗಿದ್ದೀರಾ? ಅತ್ಗೆಮ್ಮ ಎಂಗವ್ರೆ?" ಎಂದು ವಿಚಾರಿಸುತ್ತಿದ್ದರು. ಎರಡನೆಯ ಬುಧವಾರ ಅರ್ಧ ಜನ ಗೇಟಿನಿಂದಲೇ ಹಿಂತಿರುಗಿದರು. ನಮಗೆ ಕುರ್ಚಿ ತಂದು ಹಾಕಿದ್ದು ನಮ್ಮವರು. ಹಾಕಿ, ಬಾರಿಗೆ ಹೋಗದೆ ಮನೆಗೆ ಹೊರಟುಹೋಗುತ್ತಿದ್ದರು.

ನಾಲ್ಕನೆಯ ಬುಧವಾರ ಕಾರ್ಯದರ್ಶಿಗಳು ತಾವೇ ಬಂದು ಬೀಗ ತೆಗೆದರು. "ದಯವಿಟ್ಟು ಒಳಗೆ ಕೂತ್ಕೊಳ್ಳಿ ತಾಯಿ," ಎಂದರು.

"ಕದ ಮುಚ್ಕೊಂಡೇ ಕೂತ್ಕೋತೀವಿ ಬುಡಿ," ಎಂದು ಅಕ್ಕ ಬೀಗದ ಕೈಯನ್ನು ಅವರ ಕೈಯಿಂದ ತೆಗೆದು ಸೆರಗಿಗೆ ಗಂಟು ಹಾಕಿಕೊಂಡರು.

ಆ ರಾತ್ರಿ ಊಟವಾದ ಮೇಲೆ ನಮ್ಮವರು ಪೇಪರಿನ ಪದಬಂಧ ತಂದು ನನ್ನ ಪಕ್ಕ ಕೂತರು. ತಿಂಗಳಿಂದ ಹಾಗೆ ಕೂತಿರಲಿಲ್ಲ. ನಾನು ಒಂದು ಸುಳಿವನ್ನು ಓದಿದೆ. ಅವರು ಬಹಳ ಹೊತ್ತು ಯೋಚಿಸಿದರು. ನಾನು ಅವರ ಮುಖ ನೋಡಲಿಲ್ಲ, ಅಭ್ಯಾಸವಾಗಿತ್ತಲ್ಲ, ಕಾಲು ನೋಡಿದೆ.

"ಗೊತ್ತಿಲ್ಲ," ಎಂದರು. ಹಿಮ್ಮಡಿ ನೆಲಕ್ಕೆ ಊರಿಕೊಂಡಿತ್ತು.